ನನ್ನದೇ ರಕ್ತ ಅಲ್ವಾ, ತಪ್ಪೇನು?

ಕಳೆದ ತಿಂಗಳು ಒಂದು ಪಿಯು ಕಾಲೇಜಿನ ಮಕ್ಕಳ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಕ್ಕಳು ನಡುವೆ ಕೇಳಿದ ಪ್ರಶ್ನೆಗಳನ್ನು ಕೇಳಿದ ಜಾಗದಲ್ಲೇ ಉಳಿಸಿದ್ದೇನೆ.

"ಮೈಯಲ್ಲಿ ರಕ್ತಾನೇ ಇಲ್ಲ." ಈ ಮಾತು ನಿಮ್ಮ ಮನೆಯಲ್ಲೂ ಯಾರಾದರೂ ಆಡಿರುತ್ತಾರೆ. ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಚಿದ ಬಣ್ಣ. ಅಜ್ಜಿಗೆ ಅಷ್ಟು ಸಾಕು, ರೋಗ ಹೇಳಿಬಿಡುತ್ತಾರೆ. ಆದರೆ ಆ ಮೈಯಲ್ಲಿ ರಕ್ತ ಇದ್ದೇ ಇದೆ. ಹೆಚ್ಚುಕಡಿಮೆ ಐದು ಲೀಟರ್ ಇದೆ. ಕಡಿಮೆಯಾಗಿರುವುದು ಅದರೊಳಗಿನ ಒಂದು ವಸ್ತು, ಹಿಮೋಗ್ಲೋಬಿನ್. ಅದು ಕಡಿಮೆಯಾದವರು ಮೆಟ್ಟಿಲು ಹತ್ತಲು ಕಷ್ಟಪಡುತ್ತಾರೆ. ಅದನ್ನು ಕಳ್ಳದಾರಿಯಲ್ಲಿ ಜಾಸ್ತಿ ಮಾಡಿಕೊಂಡ ಕೆಲವರು ಸೈಕಲ್ ತುಳಿದು ಆಲ್ಪ್ಸ್ ಬೆಟ್ಟ ಹತ್ತಿ ಪದಕ ಗೆದ್ದರು. ಇವತ್ತು ಈ ಎರಡೂ ವಿಷಯ ಮಾತಾಡೋಣ.

ಮೊದಲು ಒಂದು ಲೆಕ್ಕ. ನೀವು ಈಗ ಸುಮ್ನೆ ಕೂತಿದ್ದೀರಿ. ಹಾಗೆ ಕೂತಿದ್ದರೂ ದೇಹಕ್ಕೆ ನಿಮಿಷಕ್ಕೆ ಸುಮಾರು 250 ಮಿಲಿ ಆಮ್ಲಜನಕ ಬೇಕು. ಆಮ್ಲಜನಕ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ರಕ್ತದ ನೀರಿನ ಭಾಗದಲ್ಲಿ ಕರಗುವುದು ಲೀಟರಿಗೆ ಬರೀ 3 ಮಿಲಿ. ಅದನ್ನೇ ನಂಬಿಕೊಂಡರೆ, ಸುಮ್ಮನೆ ಕೂತಿರುವುದಕ್ಕೇ ಹೃದಯ ನಿಮಿಷಕ್ಕೆ 80 ಲೀಟರಿಗಿಂತ ಹೆಚ್ಚು ರಕ್ತ ತಳ್ಳಬೇಕಾಗುತ್ತಿತ್ತು. ನಿಜವಾಗಿ ಅದು ತಳ್ಳುವುದು ಐದು ಲೀಟರ್. ಉಳಿದ ಕೆಲಸವನ್ನೆಲ್ಲ ಹಿಮೋಗ್ಲೋಬಿನ್ ಮಾಡುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿ ಆಮ್ಲಜನಕ ಹಿಡಿಯುತ್ತದೆ. 100 ಮಿಲಿ ರಕ್ತದಲ್ಲಿ 15 ಗ್ರಾಂ ಇದ್ದರೆ ಆ 100 ಮಿಲಿಯಲ್ಲಿ 20 ಮಿಲಿ ಆಮ್ಲಜನಕ ಆಯಿತು. ಲೀಟರಿಗೆ 3 ಎಲ್ಲಿ, 200 ಎಲ್ಲಿ!

ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಒಂದೊಂದೂ ಒಂದೊಂದು ಆಮ್ಲಜನಕದ ಅಣುವನ್ನು ಹಿಡಿಯುತ್ತದೆ. ಒಂದು ಕೆಂಪು ರಕ್ತಕಣದೊಳಗೆ ಇಂಥ ಸುಮಾರು 27 ಕೋಟಿ ಅಣುಗಳು. ಜಾಗ ಮಾಡಿಕೊಡಲು ಆ ಕಣ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿಬಿಟ್ಟಿದೆ. ಅದಕ್ಕೇ ಅದರ ಆಯಸ್ಸು 120 ದಿನ. ಸತ್ತ ಕಣಗಳ ಜಾಗ ತುಂಬಲು ನಿಮ್ಮ ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣ ತಯಾರಿಸುತ್ತದೆ. ನಾನು ಮೂವತ್ತು ವರ್ಷ ಶರೀರಶಾಸ್ತ್ರ ಪಾಠ ಮಾಡಿದ್ದೇನೆ. ಈ ಸಂಖ್ಯೆ ಹೇಳುವಾಗ ಇವತ್ತಿಗೂ ಒಂದು ಕ್ಷಣ ನಿಲ್ಲುತ್ತೇನೆ.

ಹಿಡಿಯುವುದು ದೊಡ್ಡ ವಿಷಯವೇ ಅಲ್ಲ. ಕಬ್ಬಿಣದ ಮೊಳೆಯೂ ಆಮ್ಲಜನಕ ಹಿಡಿಯುತ್ತದೆ, ತುಕ್ಕು ಹಿಡಿದು ಕೂರುತ್ತದೆ. ಬೇಕಾದ ಕಡೆ ಬಿಟ್ಟುಕೊಡಬೇಕಲ್ಲ, ಅದು ದೊಡ್ಡದು. ಕೆರೆಯ ದಡದಲ್ಲಿ ನಾಲ್ಕು ಹುಡುಗರು ನಿಂತಿದ್ದಾರೆ ಅಂದುಕೊಳ್ಳಿ. ನೀರು ತಣ್ಣಗಿದೆ. ಮೊದಲನೆಯವನಿಗೆ ಹಾರಲು ಅಳುಕು. ಅವನು ಹಾರಿದ ಮೇಲೆ ಉಳಿದವರು ಧುಮ್ಮೆಂದು ಹಾರುತ್ತಾರೆ. ಒಬ್ಬ ಎದ್ದು ಹೊರಟರೆ ಮಿಕ್ಕವರೂ ಒಬ್ಬೊಬ್ಬರಾಗಿ ಹೊರಡುತ್ತಾರೆ. ಹಿಮೋಗ್ಲೋಬಿನ್ ಹಾಗೆಯೇ. ಮೊದಲ ಆಮ್ಲಜನಕ ಕೂತ ಕೂಡಲೇ ಅಣುವಿನ ಆಕಾರ ಬದಲಾಗಿ ಉಳಿದವಕ್ಕೆ ದಾರಿ ಸಲೀಸಾಗುತ್ತದೆ. ಅದರ ರಚನೆ ಬಿಡಿಸಲು ಮ್ಯಾಕ್ಸ್ ಪೆರುಟ್ಜ್ ಕೇಂಬ್ರಿಡ್ಜ್‌ನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೂತರು. 1962ರಲ್ಲಿ ಅವರಿಗೆ ನೊಬೆಲ್ ಬಂತು.

ದುಡಿಯುತ್ತಿರುವ ಸ್ನಾಯು ಬಿಸಿಯಾಗಿರುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲ ಜಾಸ್ತಿ. ಇವೆಲ್ಲ ಸೇರಿ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲಿಸುತ್ತವೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಹೆಚ್ಚು ಸಿಗುತ್ತದೆ. ಇಂಗಾಲದ ಡೈಆಕ್ಸೈಡಿನ ಈ ಪರಿಣಾಮವನ್ನು 1904ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್. ನಿಮ್ಮ ಪುಸ್ತಕದಲ್ಲಿ ಪರಮಾಣು ಮಾದರಿಯ ನೀಲ್ಸ್ ಬೋರ್ ಇದ್ದಾರಲ್ಲ, ಅವರ ತಂದೆ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿ ಓದಿರುತ್ತೀರಿ. ನಿಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಹೋಗಿ ಕಿಟಕಿ ನೋಡಿ.

ಈಗ ಓಟಗಾರರ ವಿಷಯ. ಚೆನ್ನಾಗಿ ಪಳಗಿದ ದೂರದ ಓಟಗಾರರ ಹೃದಯ ಓಡುವಾಗ ನಿಮಿಷಕ್ಕೆ 30 ಲೀಟರಿಗೂ ಹೆಚ್ಚು ರಕ್ತ ತಳ್ಳಬಲ್ಲದು. ಶ್ವಾಸಕೋಶದಲ್ಲಿ ಗಾಳಿಗೆ ಬರವಿಲ್ಲ. ಸ್ನಾಯು ಇನ್ನೂ ಬೇಕು ಅನ್ನುತ್ತಿರುತ್ತದೆ. ತಡೆ ಇರುವುದು ನಡುವೆ, ಸಾಗಣೆಯಲ್ಲಿ. ಹೃದಯದ ಗಾತ್ರ ವರ್ಷಗಟ್ಟಲೆ ಓಡಿ ಬೆಳೆಸಿಕೊಂಡದ್ದು, ಇವತ್ತು ಹೇಳಿದರೆ ನಾಳೆ ದೊಡ್ಡದಾಗುವುದಿಲ್ಲ. ಆದರೆ ಪ್ರತಿ ಬಡಿತದ ರಕ್ತದಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಹೆಚ್ಚಿದ್ದರೆ? 15ರ ಬದಲು 16.5 ಇದ್ದರೆ? ಅದೇ ಬಡಿತಕ್ಕೆ ಶೇ. 10 ಹೆಚ್ಚು ಆಮ್ಲಜನಕ. ಈ ಆಸೆಯಿಂದಲೇ ಎಲ್ಲ ಶುರುವಾಯಿತು.

ಇಷ್ಟು ಹೇಳುವಾಗ ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. "ಸಾರ್, ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದ್ರೆ, ದೇಹ ಯಾಕೆ 15ಕ್ಕೇ ನಿಲ್ಲಿಸ್ತು?"

ಬಹಳ ಒಳ್ಳೆಯ ಪ್ರಶ್ನೆ. ಗಂಜಿ ನೆನೆಸಿಕೊಳ್ಳಿ. ತಿಳಿಗಂಜಿ ಲೋಟದಿಂದ ಸರಾಗವಾಗಿ ಇಳಿಯುತ್ತದೆ. ಅನ್ನದ ಅಗುಳು ಸೇರಿಸುತ್ತಾ ಹೋದರೆ ಒಂದು ಹಂತದ ಮೇಲೆ ಲೋಟ ಬಗ್ಗಿಸಿದರೂ ಬೀಳುವುದಿಲ್ಲ. ರಕ್ತವೂ ಹೀಗೇ. ಲ್ಯಾಬ್ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ. ರಕ್ತದ ನೂರು ಪಾಲಿನಲ್ಲಿ ಕಣಗಳ ಪಾಲೆಷ್ಟು ಅಂತ ಅದರ ಅರ್ಥ. ಗಂಡಸರಲ್ಲಿ ಸುಮಾರು 45, ಹೆಂಗಸರಲ್ಲಿ 40ರ ಆಸುಪಾಸು. 50 ದಾಟಿದ ಮೇಲೆ ರಕ್ತದ ಮಂದತನ ಬೇಗ ಬೇಗ ಏರುತ್ತದೆ. ಹೃದಯಕ್ಕೆ ಹೊರೆ. ಬೆವರಿ ನೀರು ಕಳೆದುಕೊಂಡರೆ ಇನ್ನೂ ಮಂದ. ಹೆಪ್ಪುಗಟ್ಟಿದ ಚೂರು ಮಿದುಳಿಗೋ ಶ್ವಾಸಕೋಶಕ್ಕೋ ಹೋಗಿ ಕೂತರೆ ಮುಗಿಯಿತು. ಹೊರುವುದೂ ಬೇಕು, ಹರಿಯುವುದೂ ಬೇಕು. ದೇಹ ಎರಡರ ನಡುವೆ ಒಂದು ಜಾಗ ಹುಡುಕಿಕೊಂಡಿದೆ.

ಆ ಜಾಗವನ್ನು ಕಾಯುವುದು ಕಿಡ್ನಿ. ನಿಮ್ಮ ಮನೆಯ ಮೇಲಿನ ಟ್ಯಾಂಕಿನಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದಲ್ಲ. ನೀರು ಇಳಿದರೆ ಮೋಟರ್ ಶುರು, ತುಂಬಿದರೆ ಬಂದ್. ಕಿಡ್ನಿಯ ಕೆಲವು ಜೀವಕೋಶಗಳು ಇಂಥ ಫ್ಲೋಟ್. ತಮಗೆ ಬರುವ ಆಮ್ಲಜನಕ ಕಡಿಮೆಯಾದರೆ ಎರಿತ್ರೊಪೊಯೆಟಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಚಿಕ್ಕದಾಗಿ ಇಪಿಒ ಅನ್ನೋಣ. ಅದು ಮಜ್ಜೆಗೆ ಹೋಗಿ ಕೆಂಪು ಕಣ ಹೆಚ್ಚಿಸು ಅನ್ನುತ್ತದೆ. ಜೀವಕೋಶಕ್ಕೆ ಆಮ್ಲಜನಕದ ಕೊರತೆ ಹೇಗೆ ತಿಳಿಯುತ್ತದೆ ಅಂತ ಬಿಡಿಸಿ ಹೇಳಿದ್ದಕ್ಕೆ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಎತ್ತರದ ಊರಿಗೆ ಹೋದರೆ ಈ ಫ್ಲೋಟ್ ತಾನಾಗಿ ಕೆಲಸ ಮಾಡುತ್ತದೆ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ಸಿಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬಯಲುಸೀಮೆಯ ದೂರದ ಓಟಗಾರರು ಸುಸ್ತಾಗಿ ಹೋದರು. ಕೀನ್ಯಾದ ಮಲೆನಾಡಿನಿಂದ ಬಂದ ಕಿಪ್ ಕೀನೊ 1,500 ಮೀಟರ್ ಗೆದ್ದರು. ನಮ್ಮ ಪಕ್ಕದ ಊಟಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಭಾರತದ ದೂರದ ಓಟಗಾರರು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ತಯಾರಿ ಮಾಡುವುದು ಇದಕ್ಕೇ. ಮೂರು ದಿನದ ಟೂರ್ ಹೋಗಿ ಬಂದರೆ ಏನೂ ಆಗುವುದಿಲ್ಲ. ಇಪಿಒ ಒಂದೆರಡು ದಿನದಲ್ಲಿ ಏರುತ್ತದೆ, ಆದರೆ ಕಣ ಬೆಳೆದು ತುಂಬಲು ವಾರಗಳು ಬೇಕು.

ಈ ವಾರಗಳನ್ನು ತಪ್ಪಿಸಿ ನೇರ ಟ್ಯಾಂಕರ್ ನೀರು ತಂದು ಸುರಿದರೆ ಹೇಗೆ? ಸ್ಟಾಕ್‌ಹೋಮ್‌ನ ಬ್ಯೋರ್ನ್ ಎಕ್‌ಬ್ಲೊಮ್ ಮತ್ತು ಸಂಗಡಿಗರು ಇದನ್ನೇ ಮಾಡಿ ನೋಡಿದರು. ಅವರಿಗೆ ಯಾರನ್ನೂ ಗೆಲ್ಲಿಸಬೇಕಿರಲಿಲ್ಲ, ದೇಹ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಿತ್ತು. ಕೆಲವರ ದೇಹದಿಂದ 800ರಿಂದ 1,200 ಮಿಲಿ ರಕ್ತ ತೆಗೆದರು. ತಣ್ಣಗೆ ಇಟ್ಟರು. ಸುಮಾರು ನಾಲ್ಕು ವಾರ ಕಾದರು. ಅಷ್ಟರಲ್ಲಿ ದೇಹ ಕಳೆದುಕೊಂಡದ್ದನ್ನು ತುಂಬಿಕೊಂಡಿತ್ತು. ಆಮೇಲೆ ಅವರವರ ಕಣಗಳನ್ನು ಅವರಿಗೇ ಏರಿಸಿದರು. ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಮಟ್ಟ ಶೇ. 9 ಏರಿತು. ಪೂರ್ತಿ ಸುಸ್ತಾಗುವವರೆಗೆ ಓಡಿದ ಸಮಯ ಶೇ. 23 ಹೆಚ್ಚಿತು. ಒಂದು ದಿನವೂ ಹೆಚ್ಚಿಗೆ ಅಭ್ಯಾಸ ಮಾಡದೆ! 1972ರಲ್ಲಿ ಇದು ಪ್ರಕಟವಾಯಿತು. ವಿಜ್ಞಾನಿಗಳು ಓದಿದರು. ಕೋಚ್‌ಗಳೂ ಓದಿದರು.

ಫಿನ್ಲೆಂಡಿನ ಓಟಗಾರ ಕಾರ್ಲೊ ಮಾನಿಂಕ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದರು. ರಕ್ತ ಏರಿಸಿಕೊಂಡಿದ್ದೆ ಅಂತ ಆಮೇಲೆ ಅವರೇ ಹೇಳಿದರು. ಆಗ ಅದು ನಿಷೇಧವಿರಲಿಲ್ಲ. 1984ರ ಲಾಸ್ ಏಂಜಲೀಸ್ ಕಥೆ ಮನಸ್ಸಿಗೆ ಹೆಚ್ಚು ನೋವು ಕೊಡುತ್ತದೆ. ಅಮೆರಿಕದ ಸೈಕಲ್ ತಂಡದವರಿಗೆ ತಮ್ಮ ರಕ್ತ ತೆಗೆದಿಟ್ಟು ನಾಲ್ಕು ವಾರ ಕಾಯಲು ಹೊತ್ತಿರಲಿಲ್ಲ. ಅದಕ್ಕೇ ಬೇರೆಯವರ ರಕ್ತ ತಂದರು. ಏಳು ಜನ ಒಂದು ಮೋಟೆಲ್ ಕೋಣೆಯಲ್ಲಿ ಮಲಗಿ ಏರಿಸಿಕೊಂಡರು. ಕೆಲವರು ಕಾಯಿಲೆ ಬಿದ್ದರು. ತಂಡಕ್ಕೆ ಒಂಬತ್ತು ಪದಕ ಬಂತು. ಈ ಸುದ್ದಿ ಹೊರಬಿದ್ದ ಮೇಲೆ ನಿಷೇಧವೂ ಬಂತು. ಆಗ ಯಾವ ನಿಯಮವೂ ಮುರಿದಿರಲಿಲ್ಲ, ನಿಜ. ಆದರೆ ಆರೋಗ್ಯವಾಗಿರುವ ಹುಡುಗನಿಗೆ ಬೇರೆಯವರ ರಕ್ತ ಏರಿಸುವುದು ಅಂದರೇನು ಅಂತ ಅಲ್ಲಿದ್ದ ವೈದ್ಯರಿಗೆ ಗೊತ್ತಿರಬೇಕಿತ್ತು.

ಆಗಲೇ ಆ ಪ್ರಶ್ನೆ ಬಂತು. ಮುಂದಿನ ಸಾಲಿನಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿ ಕೂತಿದ್ದ ಒಬ್ಬ ಹುಡುಗಿ. "ಬೇರೆಯವರ ರಕ್ತ ತಪ್ಪು ಸಾರ್. ಆದ್ರೆ ನನ್ನದೇ ರಕ್ತ ಅಲ್ವಾ? ನನ್ನಿಂದ ತೆಗೆದು ನನಗೇ ಹಾಕಿದ್ರೆ ತಪ್ಪೇನು?"

ಉತ್ತರ ಕೊಡುವ ಮೊದಲು ನಮ್ಮ ಮನೆಯ ಒಂದು ವಿಷಯ ಹೇಳಬೇಕು ಅನ್ನಿಸಿತು.

ನಮ್ಮ ಅಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಯಂತ್ರ ರಕ್ತ ಶುದ್ಧ ಮಾಡುತ್ತಿತ್ತು. ಆದರೆ ಕಿಡ್ನಿ ಹೋದರೆ ಫ್ಲೋಟೂ ಹೋಯಿತು. ಮಜ್ಜೆಗೆ ಹೇಳುವವರೇ ಇಲ್ಲ. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಅಡುಗೆಮನೆಯಿಂದ ದೇವರಮನೆಗೆ ನಡೆಯುವಾಗ ನಡುವೆ ಕುರ್ಚಿ ಬೇಕಾಗುತ್ತಿತ್ತು. ಆಮೇಲೆ ಇಪಿಒ ಇಂಜೆಕ್ಷನ್ ಶುರುವಾಯಿತು. ಫ್ರಿಜ್ಜಿನ ಬಾಗಿಲಲ್ಲಿ, ಹಾಲಿನ ಪಾಕೆಟ್ ಪಕ್ಕ, ಒಂದು ಚಿಕ್ಕ ಡಬ್ಬಿ. ಕರೆಂಟ್ ಹೋದರೆ ಅಮ್ಮನಿಗೆ ಅದರದ್ದೇ ಚಿಂತೆ. ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದರು. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 10 ಮುಟ್ಟಿತು. ಒಂದು ಬೆಳಿಗ್ಗೆ ಅಮ್ಮ ತಾವೇ ಮಹಡಿ ಹತ್ತಿ ಹೋಗಿ ತುಳಸಿಗೆ ನೀರು ಹಾಕಿ ಬಂದರು. ಹದಿನಾಲ್ಕು ಮೆಟ್ಟಿಲು. ನಾನು ಕೆಳಗೆ ನಿಂತು ಎಣಿಸುತ್ತಿದ್ದೆ.

ಆ ಔಷಧ ಬಂದ ದಾರಿ ಗೊತ್ತಾ? ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಇಪ್ಪತ್ತು ವರ್ಷ ಈ ಹಾರ್ಮೋನಿನ ಬೆನ್ನು ಹತ್ತಿದ್ದರು. ದೇಹದಲ್ಲಿ ಅದು ಇರುವುದು ಚೂರೇ ಚೂರು. ಮಜ್ಜೆ ಕೆಲಸ ನಿಲ್ಲಿಸಿದ ರೋಗಿಗಳ ಮೂತ್ರದಲ್ಲಿ ಸ್ವಲ್ಪ ಹೆಚ್ಚಿರುತ್ತದೆ, ಯಾಕಂದರೆ ಕಿಡ್ನಿ ಕೂಗುತ್ತಲೇ ಇರುತ್ತದೆ, ಕೇಳಿಸಿಕೊಳ್ಳುವವರಿಲ್ಲ. ಜಪಾನಿನ ವೈದ್ಯ ತಕಾಜಿ ಮಿಯಾಕೆ ಅಂಥ ರೋಗಿಗಳ 2,550 ಲೀಟರ್ ಮೂತ್ರ ಸಂಗ್ರಹಿಸಿದರು. ಒಣಗಿಸಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಷಿಕಾಗೋಗೆ ತಂದು ಗೋಲ್ಡ್‌ವಾಸರ್ ಕೈಗಿತ್ತರು. ಅಷ್ಟರಿಂದ ಸಿಕ್ಕ ಶುದ್ಧ ಇಪಿಒ ಕೆಲವೇ ಮಿಲಿಗ್ರಾಂ. 1977ರ ಮಾತಿದು. 1983ರಲ್ಲಿ ಆಮ್ಜೆನ್ ಕಂಪನಿಯ ಫು-ಕುಯೆನ್ ಲಿನ್ ಅದರ ಜೀನ್ ಹಿಡಿದರು. ಹ್ಯಾಮ್‌ಸ್ಟರ್ ಅನ್ನುವ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ ಅದನ್ನು ತಯಾರಿಸುವುದು ಸಾಧ್ಯವಾಯಿತು. 1989ರಲ್ಲಿ ಅಮೆರಿಕದಲ್ಲಿ ಕಿಡ್ನಿ ರೋಗಿಗಳಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಡಯಾಲಿಸಿಸ್ ರೋಗಿಗಳಿಗೆ ಮತ್ತೆ ಮತ್ತೆ ರಕ್ತ ಹಾಕಿಸುವುದೊಂದೇ ದಾರಿ.

ರೋಗಿಗಳಿಗಾಗಿ ಬಂದ ಮದ್ದು ಸೈಕಲ್ ತಂಡಗಳ ಐಸ್ ಪೆಟ್ಟಿಗೆಗೂ ಬಂದು ಸೇರಿತು. 1998ರ ಜುಲೈ 8ರಂದು ಬೆಲ್ಜಿಯಂ–ಫ್ರಾನ್ಸ್ ಗಡಿಯಲ್ಲಿ ಫೆಸ್ಟಿನಾ ತಂಡದ ಸಹಾಯಕ ವಿಲ್ಲಿ ವೋಟ್ ಅವರ ಕಾರನ್ನು ಕಸ್ಟಮ್ಸ್ ಅಧಿಕಾರಿಗಳು ತಪಾಸಣೆ ಮಾಡಿದಾಗ ಸಿಕ್ಕ ಇಪಿಒ 200 ಡೋಸಿಗೂ ಹೆಚ್ಚು. ಅದು ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಶುರುವಾಗುವ ವಾರ. ಡಬ್ಬಿಯಲ್ಲಿ ಐಸ್, ಐಸಿನ ನಡುವೆ ಅದೇ ಔಷಧ. ಓದಿದಾಗ ನನಗೆ ನಮ್ಮ ಫ್ಲಾಸ್ಕ್ ನೆನಪಾಗಿ ಹೊಟ್ಟೆ ಉರಿಯಿತು.

ಆಗ ಇಪಿಒ ಕಂಡುಹಿಡಿಯುವ ಪರೀಕ್ಷೆ ಇರಲಿಲ್ಲ. ಸೈಕ್ಲಿಂಗ್ ಸಂಸ್ಥೆ 1997ರಲ್ಲಿ ಒಂದು ಗೆರೆ ಎಳೆದಿತ್ತು. ಗಂಡಸರ ಪಿಸಿವಿ 50 ದಾಟಿದರೆ ಎರಡು ವಾರ ಮನೆಗೆ. 1999ರ ಜೂನ್‌ನಲ್ಲಿ ಇಟಲಿಯ ಮಾರ್ಕೊ ಪಾಂಟಾನಿ ತಮ್ಮ ದೇಶದ ಅತಿ ದೊಡ್ಡ ರೇಸನ್ನು ಇನ್ನೇನು ಗೆದ್ದರು ಅನ್ನುವಾಗ 52 ಬಂತು, ಹೊರಗೆ ಕಳಿಸಿದರು. ಗೆರೆಯಿಂದ ಒಂದಿಷ್ಟು ಪ್ರಾಣ ಉಳಿದಿರಬಹುದು. ಆದರೆ ಗೆರೆಯೇ ಗುರಿಯೂ ಆಯಿತು. 42 ಇದ್ದವರು 49ಕ್ಕೆ ಏರಿಸಿಕೊಂಡು ನಿಂತರು. ಪರೀಕ್ಷೆಗೆ ಮುಂಚೆ ಸಲೈನ್ ಹಾಕಿಸಿಕೊಂಡು ರಕ್ತ ತೆಳ್ಳಗೆ ಮಾಡಿಕೊಂಡರು. ನಿಜವಾದ ಪರೀಕ್ಷೆ ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ. ಹ್ಯಾಮ್‌ಸ್ಟರ್ ಕೋಶದಲ್ಲಿ ತಯಾರಾದ ಇಪಿಒಗೆ ಅಂಟಿರುವ ಸಕ್ಕರೆಯ ಎಳೆಗಳು ಮನುಷ್ಯರ ಇಪಿಒಗಿಂತ ಬೇರೆ ಥರ ಇರುತ್ತವೆ. ಫ್ರಾನ್ಸಿನ ವಿಜ್ಞಾನಿಗಳು ಆ ವ್ಯತ್ಯಾಸ ಹಿಡಿದರು.

ಇಂಜೆಕ್ಷನ್ ಸಿಕ್ಕಿಬೀಳುತ್ತದೆ ಅಂತಾದ ಮೇಲೆ ಕೆಲವರು ಮತ್ತೆ ರಕ್ತದ ಚೀಲಕ್ಕೇ ಮರಳಿದರು. 2006ರಲ್ಲಿ ಸ್ಪೇನ್ ಪೊಲೀಸರು ಮ್ಯಾಡ್ರಿಡ್‌ನಲ್ಲಿ ಒಬ್ಬ ವೈದ್ಯರಿಗೆ ಸೇರಿದ ಜಾಗಗಳಲ್ಲಿ ಸುಮಾರು 200 ಚೀಲ ರಕ್ತ ಹಿಡಿದರು. ಚೀಲಗಳ ಮೇಲೆ ಹೆಸರಿನ ಬದಲು ಗುಪ್ತ ಗುರುತುಗಳು. 2019ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ವಿಶ್ವ ಸ್ಕೀ ಸ್ಪರ್ಧೆ ನಡೆಯುತ್ತಿರುವಾಗಲೇ ಪೊಲೀಸರು ಕೋಣೆಗೆ ನುಗ್ಗಿದರು. ಒಬ್ಬ ಸ್ಪರ್ಧಿಯ ತೋಳಿನಲ್ಲಿ ಸೂಜಿ ಇನ್ನೂ ಹಾಗೇ ಇತ್ತು.

ಈಗ ಆ ಹುಡುಗಿಯ ಪ್ರಶ್ನೆ. ನಿನ್ನದೇ ರಕ್ತ ಆದರೆ ಸಿಕ್ಕಿಬೀಳುವುದು ಹೇಗೆ? ಅಲ್ಲಿ ಹೊರಗಿನ ವಸ್ತು ಏನೂ ಇಲ್ಲವಲ್ಲ. ಮತ್ತೆ ಟ್ಯಾಂಕ್ ನೆನೆಸಿಕೋ. ಟ್ಯಾಂಕರ್ ನೀರೋ ಬೋರ್ ನೀರೋ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಟ್ಯಾಂಕ್ ತುಂಬಿತು ಅಂತ ಫ್ಲೋಟ್ ಮೇಲೆದ್ದು ಮೋಟರ್ ನಿಂತುಬಿಟ್ಟಿರುತ್ತದೆ. ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆ ಕಣಗಳು ರಕ್ತದಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು ಇರುತ್ತವೆ. ರಕ್ತ ಏರಿಸಿಕೊಂಡರೆ ಹಿಮೋಗ್ಲೋಬಿನ್ ಮೇಲೆ, ಎಳೆ ಕಣಗಳು ಕೆಳಗೆ. ರಕ್ತ ತೆಗೆಸಿದಾಗ ಇದರ ತಿರುಗುಮುರುಗು. ಒಬ್ಬರದ್ದೇ ರಕ್ತವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ ಬರೆದಿಟ್ಟರೆ ಈ ಏರಿಳಿತ ಕಾಣುತ್ತದೆ. ಇದಕ್ಕೆ ಜೈವಿಕ ಪಾಸ್‌ಪೋರ್ಟ್ ಅನ್ನುತ್ತಾರೆ. ಸೈಕ್ಲಿಂಗ್‌ನಲ್ಲಿ 2008ರಲ್ಲಿ ಶುರುವಾಯಿತು.

ಸಿಕ್ಕಿಬೀಳುವ ಮಾತು ಬಿಡು, ತಪ್ಪೇನು ಅಂತ ಕೇಳಿದೆಯಲ್ಲ. ಒಂದು, ಮಂದ ರಕ್ತಕ್ಕೆ ಅದು ಯಾರದ್ದು ಅನ್ನುವ ಭೇದ ಇಲ್ಲ. ಚೀಲ ಸರಿಯಾದ ತಂಪಿನಲ್ಲಿ ಇರದಿದ್ದರೆ ಕಣಗಳು ಒಡೆದು ವಿಷವಾಗುತ್ತವೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಒಂದು ತಂಡದಲ್ಲಿ ಒಬ್ಬ ಹೀಗೆ ಮಾಡಿದ ದಿನ ಉಳಿದವರ ಆಯ್ಕೆ ಮುಗಿಯಿತು. ಮಾಡಬೇಕು, ಇಲ್ಲವೇ ಮನೆಗೆ ಹೋಗಬೇಕು. ಅಮೆರಿಕದ ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಡಿ ಫ್ರಾನ್ಸ್ ಗೆಲುವುಗಳನ್ನು 2012ರಲ್ಲಿ ಕಿತ್ತುಕೊಂಡರು. ಆ ವಿಚಾರಣೆಯಲ್ಲಿ ಅವರ ಜೊತೆ ಓಡಿದವರು ಕೊಟ್ಟ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಈ ಒತ್ತಡವೇ. ಹದಿನಾರು ವರ್ಷಕ್ಕೆ ಸೈಕಲ್ ಇಷ್ಟಪಟ್ಟು ಬಂದ ಹುಡುಗ ಇಪ್ಪತ್ತೆರಡಕ್ಕೆ ಹೋಟೆಲ್ ಕೋಣೆಯಲ್ಲಿ ತೋಳು ಚಾಚಿ ಮಲಗುತ್ತಾನೆ. ಮಾಡಲೊಪ್ಪದೆ ಮನೆಗೆ ಹೋದವರ ಹೆಸರು ನಮಗೆ ಯಾರಿಗೂ ಗೊತ್ತೇ ಇಲ್ಲ.

ಹುಟ್ಟಿನಿಂದಲೇ ಹೆಚ್ಚು ಇದ್ದರೆ? ಅಂಥವರೂ ಇದ್ದರು. ಫಿನ್ಲೆಂಡಿನ ಸ್ಕೀ ಸ್ಪರ್ಧಿ ಈರೊ ಮ್ಯಾಂಟಿರಾಂಟ ಏಳು ಒಲಿಂಪಿಕ್ ಪದಕ ಗೆದ್ದವರು. ಅವರ ಹಿಮೋಗ್ಲೋಬಿನ್ 20ಕ್ಕೂ ಮೇಲಿರುತ್ತಿತ್ತು. ಬಹಳ ಜನ ಅನುಮಾನಪಟ್ಟರು. 1990ರ ದಶಕದಲ್ಲಿ ವಿಜ್ಞಾನಿಗಳು ಅವರ ಕುಟುಂಬದ ಅನೇಕರಲ್ಲಿ ಒಂದೇ ಜೀನ್ ಬದಲಾವಣೆ ಕಂಡರು. ಇಪಿಒ ಹೇಳಿದ್ದನ್ನು ಕೇಳಿದ ಮೇಲೆ ಸಾಕು ಅನ್ನುವ ಬ್ರೇಕ್ ಅವರ ಮಜ್ಜೆಯಲ್ಲಿ ಇರಲಿಲ್ಲ. ಅದು ಎತ್ತರದ ಹುಡುಗ ಬ್ಯಾಸ್ಕೆಟ್‌ಬಾಲ್ ಆಡಿದ ಹಾಗೆ. ಅವರದ್ದು ಮೋಸ ಅಂತ ನಾನು ಹೇಳಲಾರೆ.

ಮಾತು ಮುಗಿದು ಎಲ್ಲರೂ ಟೀ ಕುಡಿಯಲು ಹೋದರು. ಆ ಹುಡುಗಿ ನನ್ನ ಹತ್ತಿರ ಬಂದು ನಿಂತಳು. 3,000 ಮೀಟರ್ ಓಡುತ್ತಾಳಂತೆ, ಜಿಲ್ಲಾ ಮಟ್ಟದಲ್ಲಿ. ಕೊನೆಯ ಎರಡು ಸುತ್ತಿನಲ್ಲಿ ಕಾಲು ಕಲ್ಲಾಗುತ್ತದಂತೆ. ಶಿಬಿರದಲ್ಲಿ ಪರೀಕ್ಷೆ ಮಾಡಿದ ಚೀಟಿ ತೋರಿಸಿದಳು. ಹಿಮೋಗ್ಲೋಬಿನ್ 9.6.

ಅವಳೊಬ್ಬಳೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ದೇಶದಲ್ಲಿ ನೂರಕ್ಕೆ 57. ಕಬ್ಬಿಣ ಸಾಲದೆ ಇರಬಹುದು, ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು. ಕಾರಣ ಹುಡುಕಬೇಕು. ಮೊದಲು ಡಾಕ್ಟರ ಹತ್ತಿರ ಹೋಗು ಅಂದೆ. ಮಾತ್ರೆ ಕೊಟ್ಟರೆ ತಪ್ಪಿಸಬೇಡ. ಊಟದ ಜೊತೆ ಟೀ ಬೇಡ, ಅದು ಕಬ್ಬಿಣ ಒಳಗೆ ಹೋಗಲು ಬಿಡುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೋ.

"ಅಷ್ಟರಿಂದ ಏನಾಗುತ್ತೆ ಸಾರ್?" ಅಂದಳು. ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು. ಬೋರ್ಡಿನ ಮೇಲೆ ಬರೆದು ತೋರಿಸಿದೆ. 9.6ರಿಂದ 12ಕ್ಕೆ ಬಂದರೆ ಏರಿಕೆ 2.4. ಅದು 9.6ರ ಕಾಲು ಭಾಗ. ಅಂದರೆ ಅವಳ ರಕ್ತ ಆಮ್ಲಜನಕ ಹೊರುವ ಶಕ್ತಿ ಶೇ. 25 ಏರುತ್ತದೆ. ರಕ್ತದ ಚೀಲಗಳಿಗಾಗಿ ಅಷ್ಟೊಂದು ದುಡ್ಡು ಸುರಿದ ಯಾವ ಸೈಕಲ್ ತಂಡವೂ 50ರ ಗೆರೆಯೊಳಗೆ ಇದ್ದುಕೊಂಡು ಅಷ್ಟು ಏರಿಸಿಕೊಳ್ಳುವುದು ಬಹಳ ಕಷ್ಟ. ಅವಳು ಬೋರ್ಡಿನ ಲೆಕ್ಕವನ್ನು ಚೀಟಿಯ ಹಿಂದೆ ಬರೆದುಕೊಂಡಳು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ನನಗೆ ಸಂಖ್ಯೆ ಕಳಿಸುತ್ತೇನೆ ಅಂದಿದ್ದಾಳೆ.